ಮಾತು ಬಿಟ್ಟವರ ಜತೆ ಒಂದು ರಾತ್ರಿ: ‘ಆಕ್ಸನ್‌ಫ್ರೀ’ ಆಡುವ ಬಗೆ

‘ಆಕ್ಸನ್‌ಫ್ರೀ’ ಎಂಬ ವಿಡಿಯೊ ಗೇಮ್ ಶುರುವಾಗುವುದು ಹೀಗೆ: ದ್ವೀಪಕ್ಕೆ ಹೊರಟ ಕೊನೆಯ ದೋಣಿಯಲ್ಲಿ ಮೂವರಿದ್ದಾರೆ. ರೆನ್ ಎಂಬ ಹುಡುಗ ಬಾಯಿಗೆ ಬಿಡುವು ಕೊಡದೆ ಹರಟುತ್ತಿದ್ದಾನೆ. ಜೋನಸ್ ಹೊಸಬ. ಯಾವ ಮಾತಿಗೆ ನಗಬೇಕು, ಯಾವುದಕ್ಕೆ ಸುಮ್ಮನಿರಬೇಕು ಎಂಬುದು ಅವನಿಗಿನ್ನೂ ತಿಳಿಯದು. ಇವರಿಬ್ಬರ ನಡುವೆ ಅಲೆಕ್ಸ್, ಅಂದರೆ ನೀವು. ರೆನ್ ಏನೋ ಕೇಳುತ್ತಾನೆ. ಅಲೆಕ್ಸ್‌ಳ ತಲೆಯ ಮೇಲೆ ಮಾತಿನ ಗುಳ್ಳೆಗಳು ಮೂಡುತ್ತವೆ, ಒಂದೊಂದರಲ್ಲೂ ಒಂದೊಂದು ಉತ್ತರ. ಮೊದಲ ಸಲ ಆಡಿದಾಗ ನಾನು ಮೂರನ್ನೂ ಓದಿ, ತೂಗಿ ನೋಡಿ, ಒಳ್ಳೆಯದನ್ನು ಆರಿಸೋಣ ಎಂದು ಕುಳಿತೆ. ಎರಡನೆಯದನ್ನು ಓದುವಷ್ಟರಲ್ಲಿ ಗುಳ್ಳೆಗಳು ಮಾಸಿಹೋದವು. ಅಲೆಕ್ಸ್ ಏನೂ ಹೇಳಲಿಲ್ಲ. ಅವಳ ಮೌನವನ್ನೇ ಉತ್ತರವೆಂದು ತೆಗೆದುಕೊಂಡು ರೆನ್ ಮಾತು ಮುಂದುವರಿಸಿದ.

ಆಟ ನಿಲ್ಲಲಿಲ್ಲ, ತಪ್ಪಾಯಿತು ಎಂದು ಕೆಂಪು ಅಕ್ಷರದಲ್ಲಿ ಹೇಳಲೂ ಇಲ್ಲ. ಇಲ್ಲಿ ಮಾತಾಡದಿರುವುದೂ ಮಾತೇ ಎಂದು ನನಗೆ ಗೊತ್ತಾದದ್ದು ಹಾಗೆ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಉಳಿದದ್ದೆಲ್ಲ ಸುಲಭ.

‘ಆಕ್ಸನ್‌ಫ್ರೀ’ ಕಾಲದ ಸುಳಿಯಲ್ಲಿ ಸಿಕ್ಕಿಬಿದ್ದ ಐವರು ಹದಿಹರೆಯದವರ ಕಥೆ. ಅಮೆರಿಕದ ನೈಟ್ ಸ್ಕೂಲ್ ಸ್ಟುಡಿಯೊ 2016ರ ಜನವರಿಯಲ್ಲಿ ಇದನ್ನು ಹೊರತಂದಿತು. ಸ್ಟುಡಿಯೊ ಕಟ್ಟಿದವರು ಷಾನ್ ಕ್ರಾಂಕೆಲ್ ಮತ್ತು ಆಡಮ್ ಹೈನ್ಸ್ ಎಂಬ ಸೋದರಸಂಬಂಧಿಗಳು. ಮೊದಲು ಕಂಪ್ಯೂಟರ್ ಮತ್ತು ಎಕ್ಸ್‌ಬಾಕ್ಸ್‌ಗೆ ಬಂದ ಆಟ ಆಮೇಲೆ ಪ್ಲೇಸ್ಟೇಷನ್, ನಿಂಟೆಂಡೊ ಸ್ವಿಚ್, ಮೊಬೈಲ್‌ಗಳಿಗೂ ಬಂತು. ಹೆಸರು ಬಂದದ್ದು ಕಣ್ಣಾಮುಚ್ಚಾಲೆಯಿಂದ. ಅಡಗಿರುವವರೆಲ್ಲ ಇನ್ನು ಹೆದರದೆ ಹೊರಗೆ ಬರಬಹುದು ಎಂದು ಸಾರಲು ಇಂಗ್ಲಿಷ್ ಮಾತಾಡುವ ಮಕ್ಕಳು ಕೂಗುವ ‘ಆಲಿ ಆಲಿ ಆಕ್ಸನ್ ಫ್ರೀ’ ಎಂಬ ಕೂಗಿನ ಬಾಲ ಅದು. ಆಟ ಮುಗಿಸಿದ ಮೇಲೆ ಆ ಹೆಸರನ್ನು ಇನ್ನೊಮ್ಮೆ ಬಾಯಲ್ಲಿ ಹೇಳಿ ನೋಡಿ. ಯಾರು ಅಡಗಿದ್ದಾರೆ, ಯಾರು ಹೊರಗೆ ಬರಲು ಕಾಯುತ್ತಿದ್ದಾರೆ ಎಂಬುದು ಆಗ ಬೇರೆ ರೀತಿಯಲ್ಲಿ ಕೇಳಿಸುತ್ತದೆ.

ಹುಡುಕಿದರೆ ‘ಇಲ್ಲಿ ಎಡಕ್ಕೆ ತಿರುಗಿ, ಅಲ್ಲಿ ಏಣಿ ಹತ್ತಿ’ ಎನ್ನುವ ಮಾರ್ಗದರ್ಶಿಗಳು ಬೇಕಾದಷ್ಟು ಸಿಗುತ್ತವೆ. ಮೊದಲ ಸಲ ಆಡುವವರು ದಯವಿಟ್ಟು ಅವನ್ನು ತೆರೆಯಬೇಡಿ. ಈ ದ್ವೀಪದಲ್ಲಿ ದಾರಿ ತಪ್ಪುವುದು ಕಷ್ಟ, ನಾವು ತಪ್ಪುವುದು ಮನುಷ್ಯರ ವಿಷಯದಲ್ಲಿ. ಹಾಗಾಗಿ ಈ ಬರಹದಲ್ಲಿ ದಾರಿಗಿಂತ ಹೆಚ್ಚಾಗಿ ಆಡುವ ರೀತಿಯನ್ನು ಹೇಳುತ್ತೇನೆ. ಕೊನೆಯ ಭಾಗದಲ್ಲಿ ಕಥೆಯ ಗುಟ್ಟುಗಳಿವೆ. ಅಲ್ಲಿಗೆ ಬಂದಾಗ ಎಚ್ಚರಿಸುತ್ತೇನೆ.

ಯಾರು ಯಾರಿಗೆ ಏನಾಗಬೇಕು

ಮೊದಲ ಅರ್ಧ ಗಂಟೆಯಲ್ಲಿ ಹೆಸರುಗಳು ಮಳೆಯಂತೆ ಬೀಳುತ್ತವೆ. ಇಷ್ಟು ಮೊದಲೇ ತಿಳಿದಿದ್ದರೆ ರಸವೇನೂ ಕೆಡುವುದಿಲ್ಲ, ಮಾತಿನ ಒಳಗಿನ ಮುಳ್ಳು ಮಾತ್ರ ಬೇಗ ಸಿಗುತ್ತದೆ.

ಅಲೆಕ್ಸ್‌ಳ ಅಣ್ಣ ಮೈಕೆಲ್ ನೀರಿನಲ್ಲಿ ಮುಳುಗಿ ತೀರಿಕೊಂಡಿದ್ದಾನೆ. ಮನೆ ಒಡೆದಿದೆ. ಈಗ ಅಲೆಕ್ಸ್‌ಳ ತಾಯಿ ಮತ್ತು ಜೋನಸ್‌ನ ತಂದೆ ಒಂದಾಗಿದ್ದಾರೆ. ಹಾಗಾಗಿ ನಿನ್ನೆ ಮೊನ್ನೆಯವರೆಗೆ ಯಾರೋ ಆಗಿದ್ದ ಜೋನಸ್ ಅಲೆಕ್ಸ್‌ಗೆ ಅಣ್ಣನ ಸ್ಥಾನಕ್ಕೆ ಬಂದು ನಿಂತಿದ್ದಾನೆ. ಅವನೂ ತಾಯಿಯನ್ನು ಕಳೆದುಕೊಂಡವನೇ. ಕ್ಲಾರಿಸಾ ಮೈಕೆಲ್‌ನನ್ನು ಪ್ರೀತಿಸಿದವಳು. ಅವನ ಸಾವಿಗೆ ಅಲೆಕ್ಸ್ ಕಾರಣ ಎಂಬ ಮಾತು ಅವಳ ಮನಸ್ಸಿನಿಂದ ಹೋಗಿಲ್ಲ. ಒಂದು ಕಾಲಕ್ಕೆ ಒಂದೇ ಮನೆಯವರಂತೆ ಓಡಾಡಿಕೊಂಡಿದ್ದ ಇಬ್ಬರು ಹುಡುಗಿಯರು ಈಗ ಎದುರೆದುರು ಕುಳಿತರೂ ಮುಖ ತಿರುಗಿಸುತ್ತಾರೆ. ನೋನಾ ಕ್ಲಾರಿಸಾಳ ಗೆಳತಿ, ಮಿತಭಾಷಿ. ರೆನ್ ಅಲೆಕ್ಸ್‌ಳ ಹಳೆಯ ಗೆಳೆಯ, ಅವನಿಗೆ ನೋನಾಳ ಮೇಲೆ ಮನಸ್ಸು. ಐವರಲ್ಲಿ ಯಾರಿಗೂ ಯಾರ ಜತೆಯೂ ಪೂರ್ತಿ ನಿರಾಳವಿಲ್ಲ. ಒಂದು ರಾತ್ರಿಯ ಮೋಜಿಗೆಂದು ಅವರು ಬಂದಿರುವುದು ಎಡ್ವರ್ಡ್ಸ್ ದ್ವೀಪಕ್ಕೆ. ಅಮೆರಿಕದ ವಾಯವ್ಯ ಕರಾವಳಿಯ ಬಳಿ ಇದೆ ಎಂದು ಆಟ ಕಲ್ಪಿಸಿಕೊಂಡಿರುವ, ಹಿಂದೆ ಸೈನಿಕ ನೆಲೆಯಾಗಿದ್ದ ದ್ವೀಪ ಅದು. ಬೆಳಗಿನ ತನಕ ವಾಪಸು ದೋಣಿಯಿಲ್ಲ.

ಮೊದಲ ಹೆಜ್ಜೆ: ಕೂರುವ ಮುಂಚೆ

ಹೆಡ್‌ಫೋನ್ ಇಲ್ಲದೆ ಆಡಬೇಡಿ. ಇದನ್ನು ಸಲಹೆಯೆಂದಲ್ಲ, ಶರತ್ತೆಂದೇ ತಿಳಿಯಿರಿ. ಈ ಆಟದಲ್ಲಿ ರಕ್ತವಿಲ್ಲ, ಬಾಯಿ ತೆರೆದು ಮೈಮೇಲೆ ಬೀಳುವ ರಾಕ್ಷಸನಿಲ್ಲ. ಭಯವೆಲ್ಲ ಕಿವಿಯಿಂದ ಬರುತ್ತದೆ. ರೇಡಿಯೊ ಗೊರಗೊರದ ಹಿಂದೆ ಯಾರೋ ಒಂದಕ್ಷರ ನುಡಿದಂತೆ ಆಗುತ್ತದೆ. ಆ ಒಂದಕ್ಷರ ಫ್ಯಾನಿನ ಸದ್ದಿನಲ್ಲಿ ಕಳೆದುಹೋದರೆ ಆಟದ ಅರ್ಧ ಹೋಯಿತು. ಸಂಗೀತವನ್ನೂ ಹೀಗೆ ಹತ್ತಿರದಿಂದ ಕೇಳಬೇಕು. ಎಸ್‌ಸಿಎನ್‌ಟಿಎಫ್‌ಸಿ ಎಂಬ ಹೆಸರಿನಲ್ಲಿ ಕೆಲಸ ಮಾಡುವ ಸಂಗೀತಗಾರರ ರಚನೆ ಅದು.

ಸಬ್‌ಟೈಟಲ್ ಹಾಕಿಕೊಳ್ಳಿ. ಪಾತ್ರಗಳ ಮಾತೆಲ್ಲ ಅಮೆರಿಕದ ಹುಡುಗ ಹುಡುಗಿಯರ ಇಂಗ್ಲಿಷ್, ಅದೂ ಓಟದ ಇಂಗ್ಲಿಷ್. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ. ಪ್ರತಿ ಪದವೂ ಅರ್ಥವಾಗಬೇಕೆಂದು ಹಟ ಹಿಡಿಯಬೇಡಿ. ಮದುವೆ ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡುವಾಗ ನಾವು ಎಲ್ಲವನ್ನೂ ಕೇಳಿಸಿಕೊಳ್ಳುವುದಿಲ್ಲ, ಆದರೂ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಎಂಬುದು ತಿಳಿಯುತ್ತದೆ. ಆ ಕಿವಿ ಸಾಕು.

ಪರದೆಯ ಬಗ್ಗೆಯೂ ಒಂದು ಮಾತು. ಪಾತ್ರಗಳು ಬೆರಳುದ್ದದ ಬೊಂಬೆಗಳಂತೆ ಕಾಣುತ್ತವೆ, ಅವರ ಸುತ್ತ ಬಂಡೆ, ಮರ, ಸಮುದ್ರ ಬಹಳ ದೊಡ್ಡದಾಗಿ ಹರಡಿರುತ್ತವೆ. ಕಲಾವಿದೆ ಹೆದರ್ ಗ್ರಾಸ್ ಜಲವರ್ಣದ ಚಿತ್ರದಂತೆ ಇಡೀ ದ್ವೀಪವನ್ನು ಬಿಡಿಸಿದ್ದಾರೆ. ಸಣ್ಣ ಮೊಬೈಲಿನಲ್ಲಿ ಗುಳ್ಳೆಯೊಳಗಿನ ಅಕ್ಷರ ಓದುವುದಕ್ಕೇ ಸಮಯ ಹೋಗುತ್ತದೆ. ಟ್ಯಾಬ್, ಕಂಪ್ಯೂಟರ್ ಅಥವಾ ಟಿವಿ ಇದ್ದರೆ ಅದರಲ್ಲೇ ಆಡಿ.

ಸಮಯ ನಾಲ್ಕರಿಂದ ಐದು ಗಂಟೆ ಬೇಕು. ಎರಡು ರಾತ್ರಿಗೆ ಹಂಚಿಕೊಂಡರೆ ನಡೆಯುತ್ತದೆ, ವಾರಪೂರ್ತಿ ಚೂರು ಚೂರಾಗಿ ಆಡಿದರೆ ಬಿಗಿ ಉಳಿಯುವುದಿಲ್ಲ. ಆಟ ತಾನೇ ಸೇವ್ ಆಗುತ್ತಾ ಹೋಗುತ್ತದೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಬೇರೆ ಮಾತು ಆಡಿ ನೋಡುವ ಅನುಕೂಲವನ್ನು ನಿರೀಕ್ಷಿಸಬೇಡಿ.

ಇನ್ನೊಂದನ್ನೂ ಹೇಳಲೇಬೇಕು. ಈ ಕಥೆಯಲ್ಲಿ ಅಣ್ಣನ ಸಾವಿದೆ, ಮುಳುಗುವುದಿದೆ, ಎತ್ತರದಿಂದ ಬೀಳುವ ದೃಶ್ಯವಿದೆ. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ, ಮನಸ್ಸು ಹಸಿಯಾಗಿದ್ದರೆ, ಸ್ವಲ್ಪ ಕಾಲ ಬಿಟ್ಟು ಆಡಿ. ಆಟ ಎಲ್ಲಿಗೂ ಹೋಗುವುದಿಲ್ಲ.

ಎರಡನೆಯ ಹೆಜ್ಜೆ: ಮಾತು, ಅಡ್ಡಮಾತು, ಮೌನ

ಗುಳ್ಳೆಗಳು ಮೂಡಿದಾಗ ಎದುರಿನವರು ಇನ್ನೂ ಮಾತಾಡುತ್ತಲೇ ಇರುತ್ತಾರೆ. ತಕ್ಷಣ ಆರಿಸಿದರೆ ಅಲೆಕ್ಸ್ ಅವರ ಮಾತನ್ನು ಕತ್ತರಿಸಿ ನಡುವೆ ಬಾಯಿ ಹಾಕುತ್ತಾಳೆ. ಕಾದರೆ ಅವರು ಹೇಳಿ ಮುಗಿಸುತ್ತಾರೆ, ಆದರೆ ಅಷ್ಟರಲ್ಲಿ ಗುಳ್ಳೆ ಮಾಸತೊಡಗಿರುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯ ಹೀಗಿದೆ: ಬೆರಳನ್ನು ಗುಂಡಿಯ ಮೇಲೆ ಇಟ್ಟುಕೊಂಡು, ಗುಳ್ಳೆಯಲ್ಲಿರುವ ಮಾತಿನ ಧಾಟಿಯನ್ನಷ್ಟೇ ಒಂದು ನೋಟದಲ್ಲಿ ಹಿಡಿಯುವುದು. ಒಂದು ಮೆತ್ತಗಿನ ಉತ್ತರ, ಒಂದು ಚುಚ್ಚುವ ಉತ್ತರ, ಒಂದು ಮಾತು ಮರೆಸುವ ಉತ್ತರ ಎಂದು ಗುರುತಿಸಿಕೊಂಡರೆ ಸಾಕು. ಬಳಿಕ ಕಣ್ಣನ್ನು ಅಲ್ಲಿಂದ ತೆಗೆದು ಎದುರಿನವರ ಮಾತು ಕೇಳಿ. ಅವರ ವಾಕ್ಯ ಮುಗಿಯುವ ಹೊತ್ತಿಗೆ ಆರಿಸಿ.

ಅಡ್ಡಬಾಯಿ ಹಾಕಲೇಬೇಕಾದ ಜಾಗಗಳೂ ಇವೆ. ಇಬ್ಬರ ಜಗಳ ಏರುತ್ತಿದ್ದಾಗ ಕಾಯುತ್ತಾ ನಿಂತರೆ ಆಡಬಾರದ ಮಾತು ಹೊರಬಿದ್ದುಬಿಡುತ್ತದೆ.

ನಡೆಯುತ್ತಲೇ ಮಾತಾಡುವುದು ಈ ಆಟದ ರೂಢಿ. ಹೊಸಬರು ಮಾಡುವ ದೊಡ್ಡ ತಪ್ಪು ಇಲ್ಲೇ ಆಗುತ್ತದೆ. ಅವಸರದಲ್ಲಿ ಮುಂದಿನ ಜಾಗಕ್ಕೆ ದಾಟಿಬಿಟ್ಟರೆ ನಡೆಯುತ್ತಿದ್ದ ಮಾತು ಅರ್ಧಕ್ಕೇ ತುಂಡಾಗಬಹುದು. ಬೆಟ್ಟದ ತುದಿ, ಸೇತುವೆಯ ಕೊನೆ, ಬಾಗಿಲು ಇಂಥ ಕಡೆ ಬಂದಾಗ ನಿಂತು ಮಾತು ಮುಗಿಯಲು ಬಿಡಿ. ಜೋನಸ್ ತನ್ನ ತಾಯಿಯ ಬಗ್ಗೆ ಹೇಳುತ್ತಿರುವಾಗ ನೀವು ಬೇಲಿ ಹಾರಿ ಹೋದರೆ, ಹಾಗೆ ಹೋದವರು ನೀವೇ ಎಂಬುದು ಮನಸ್ಸಿನಲ್ಲಿರಲಿ.

ಕೆಲವೊಮ್ಮೆ ನೀವು ಏನೋ ಹೇಳಿದ ಮೇಲೆ ಎದುರಿನವರ ತಲೆಯ ಮೇಲೆ ಒಂದು ಪುಟ್ಟ ಮುಖದ ಚಿತ್ರ ಕ್ಷಣ ಮಿಂಚಿ ಹೋಗುತ್ತದೆ. ಆ ಮಾತು ಅವರ ಮನಸ್ಸಿಗೆ ಹೋಯಿತು ಎಂಬುದರ ಗುರುತು ಅದು. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ಆಟ ಹೇಳುವುದಿಲ್ಲ. ಅಂಕ ಎಣಿಸಲು ಹೋಗಬೇಡಿ.

ಮೂರನೆಯ ಹೆಜ್ಜೆ: ಬೆಂಕಿಯ ಸುತ್ತ

ಕಡಲತೀರದಲ್ಲಿ ಬೆಂಕಿ ಹಾಕಿ ಐವರೂ ಕುಳಿತು ಒಂದು ಆಟ ಆಡುತ್ತಾರೆ. ಕೇಳಿದ್ದಕ್ಕೆ ನಿಜ ಹೇಳಬೇಕು, ಇಲ್ಲದಿದ್ದರೆ ಕೆನ್ನೆಗೆ ಏಟು. ದೆವ್ವಗಳು ಬರುವ ಎಷ್ಟೋ ಮುಂಚಿನ ದೃಶ್ಯ ಇದು. ಆದರೂ ಇಡೀ ಆಟದಲ್ಲಿ ನನ್ನ ಎದೆ ಹೆಚ್ಚು ಹೊಡೆದುಕೊಂಡದ್ದು ಇಲ್ಲಿ.

ಮೊದಲು ತಮಾಷೆ ನಡೆಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ಕ್ಲಾರಿಸಾಳ ಮಾತು ಮೈಕೆಲ್‌ನ ಕಡೆಗೆ ಹೊರಳುತ್ತದೆ. ಅವಳ ದನಿ ಏರುವುದಿಲ್ಲ. ನಗುತ್ತಲೇ ಕೇಳುತ್ತಾಳೆ. ರೆನ್ ಮಾತು ಬದಲಿಸಲು ನೋಡುತ್ತಾನೆ. ಜೋನಸ್‌ಗೆ ಏನು ನಡೆಯುತ್ತಿದೆ ಎಂದು ಅರ್ಥವಾಗುವುದಿಲ್ಲ. ಹಿಂದೆ ಅಲೆಗಳ ಸದ್ದು ಹಾಗೇ ಇರುತ್ತದೆ. ಗುಳ್ಳೆಗಳು ಮೂಡುತ್ತವೆ.

ನಾನು ಮೊದಲ ಸಲ ಚುಚ್ಚಿದ್ದೆ. ಚುಚ್ಚಿದ ಮೇಲೆ ಖುಷಿಯಾಗಿತ್ತು ಕೂಡ. ಹೈಸ್ಕೂಲಿನ ನನ್ನ ಗೆಳತಿಯೊಬ್ಬಳು ಮಾತು ಬಿಟ್ಟು ಆಗಲೇ ಆರು ವರ್ಷವಾಗಿತ್ತು. ಅವಳಿಗೆ ಹೇಳಬೇಕೆಂದು ಎಷ್ಟೋ ರಾತ್ರಿ ಮನಸ್ಸಿನಲ್ಲೇ ಹೆಣೆದಿಟ್ಟ ಮಾತು ಹೇಗಿತ್ತೋ ಆ ಗುಳ್ಳೆಯೊಳಗಿನ ಮಾತೂ ಹಾಗೇ ಇತ್ತು. ಎರಡನೆಯ ಸಲ ಆಡಿದಾಗ ಅದೇ ಜಾಗದಲ್ಲಿ ಬೆರಳನ್ನು ಗುಂಡಿಯಿಂದ ತೆಗೆದೆ. ಅಲೆಕ್ಸ್ ಸುಮ್ಮನಿದ್ದಳು. ಕ್ಲಾರಿಸಾ ಒಂದು ಗಳಿಗೆ ಕಾದಳು. ಅವಳು ಕಾದ ಆ ಒಂದು ಗಳಿಗೆಯಲ್ಲಿ, ಇವಳಿಗೂ ಉತ್ತರ ಬೇಕಾಗಿದೆ, ಬರೀ ಹೊಡೆತವಲ್ಲ ಎಂದು ನನಗೆ ಕಂಡಿತು.

ಇಲ್ಲಿ ಏನು ಆರಿಸಬೇಕೆಂದು ನಾನು ಹೇಳುವುದಿಲ್ಲ. ಆದರೆ ಈ ದೃಶ್ಯದಲ್ಲಿ ಕ್ಲಾರಿಸಾಳನ್ನು ಖಳನಾಯಕಿ ಎಂದು ತೀರ್ಮಾನಿಸಿಬಿಟ್ಟರೆ ಮುಂದಿನ ನಾಲ್ಕು ಗಂಟೆ ಬರೀ ದೆವ್ವದ ಕಥೆಯಾಗಿ ಉಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ರೇಡಿಯೊ ತಿರುಗಿಸುವ ಕೈ

ಅಲೆಕ್ಸ್‌ಳ ಬಳಿ ಇರುವ ಒಂದೇ ಉಪಕರಣ ಕೈರೇಡಿಯೊ. ಒಗಟುಗಳೆಲ್ಲ ಬಹುಪಾಲು ಇದರಲ್ಲೇ ಬಿಡಿಸಬೇಕು. ತಿರುಪು ತಿರುಗಿಸುತ್ತಾ ಹೋದಂತೆ ಹಾಡು, ಹಳೆಯ ಪ್ರಕಟಣೆ, ಗೊರಗೊರ ಬರುತ್ತವೆ. ಸರಿಯಾದ ಜಾಗ ಹತ್ತಿರವಾದಾಗ ಸದ್ದು ಬದಲಾಗುತ್ತದೆ, ಪರದೆಗೆ ಬಣ್ಣ ಏರುತ್ತದೆ, ಕಂಟ್ರೋಲರ್ ಇದ್ದರೆ ಅಂಗೈಯಲ್ಲೇ ನಡುಕ ತಿಳಿಯುತ್ತದೆ.

ನಮ್ಮ ಮನೆಯಲ್ಲಿ ಅಜ್ಜನ ಕಾಲದ ರೇಡಿಯೊ ಇತ್ತು. ಧಾರವಾಡ ಆಕಾಶವಾಣಿ ಹಿಡಿಯಬೇಕಾದರೆ ಮುಳ್ಳನ್ನು ಒಮ್ಮೆ ಸ್ಟೇಷನ್ ದಾಟಿಸಿ, ಆಮೇಲೆ ಕೂದಲೆಳೆಯಷ್ಟು ಹಿಂದಕ್ಕೆ ತರಬೇಕಿತ್ತು. ಅಜ್ಜ ಅದನ್ನು ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದರು. ಈ ಆಟಕ್ಕೆ ಬೇಕಾದದ್ದು ಅದೇ ಕೈ. ಪಟ್ಟಿಯ ಈ ತುದಿಯಿಂದ ಆ ತುದಿಗೆ ಒಮ್ಮೆ ನಿಧಾನವಾಗಿ ಹೋಗಿ, ಎಲ್ಲಿ ಸದ್ದಿನ ಬಣ್ಣ ಬದಲಾಯಿತು ಎಂದು ಕಿವಿಯಲ್ಲೇ ಗುರುತು ಹಾಕಿಕೊಳ್ಳಿ. ಬಳಿಕ ಅಲ್ಲಿಗೆ ವಾಪಸು ಬಂದು, ಸಿಕ್ಕಿತು ಎನ್ನಿಸಿದಾಗ ಬೆರಳು ಅಲ್ಲಾಡಿಸದೆ ಹಿಡಿಯಿರಿ. ಎಷ್ಟೋ ಜನ ಸರಿಯಾದ ಜಾಗವನ್ನು ಮುಟ್ಟಿಯೂ ಅವಸರದಲ್ಲಿ ದಾಟಿಹೋಗುತ್ತಾರೆ.

ಅಲೆಕ್ಸ್ ತನ್ನ ರೇಡಿಯೊವನ್ನು ಎಲ್ಲಿ ಹೊರತೆಗೆಯಬೇಕು? ಒಂದರ ಮೇಲೊಂದು ಪೇರಿಸಿಟ್ಟ ಕಲ್ಲುಗಳು ಕಂಡಲ್ಲೆಲ್ಲ ತೆಗೆಯಿರಿ. ದ್ವೀಪದಲ್ಲಿ ಪ್ರವಾಸಿಗರಿಗೆಂದು ಇಟ್ಟ ಮಾಹಿತಿ ಜಾಗಗಳ ಬಳಿಯೂ ತೆಗೆಯಿರಿ, ಅಲ್ಲಿ ದ್ವೀಪದ ಚರಿತ್ರೆ ಹೇಳುವ ಧ್ವನಿ ಸಿಗುತ್ತದೆ. ಮೊದಲು ಅದು ಪ್ರವಾಸಿ ಮಾಹಿತಿಯ ಹಾಗೆಯೇ ಕೇಳಿಸುತ್ತದೆ. ಎರಡು ಗಂಟೆಯ ನಂತರ ಅದೇ ಮಾಹಿತಿ ಬೇರೆ ಅರ್ಥ ಕೊಡುತ್ತದೆ. ಕೆಲಸವಿಲ್ಲದಾಗಲೂ, ಬರೀ ನಡೆಯುವಾಗಲೂ ಒಮ್ಮೊಮ್ಮೆ ತಿರುಗಿಸಿ ನೋಡಿ. ಈ ದ್ವೀಪದ ದೆವ್ವಗಳಿಗೆ ಸ್ವಂತ ಧ್ವನಿಯಿಲ್ಲ. ಹಳೆಯ ರೇಡಿಯೊ ಕಾರ್ಯಕ್ರಮಗಳಿಂದ ಕತ್ತರಿಸಿದಂತಹ ಪದಗಳನ್ನು ಒಂದಕ್ಕೊಂದು ಜೋಡಿಸಿ ಅವು ಮಾತಾಡುತ್ತವೆ. ಒಂದು ಪದ ಹೆಂಗಸಿನದು, ಮುಂದಿನದು ಜಾಹೀರಾತಿನದು, ಅದರ ಮುಂದಿನದು ಯಾವುದೋ ಮಗುವಿನದು.

ಐದನೆಯ ಹೆಜ್ಜೆ: ಸುಳಿಯೊಳಗೆ ಬಿದ್ದಾಗ

ಗುಹೆಯಲ್ಲಿ ರೇಡಿಯೊ ತಿರುಗಿಸಿ ತೆರೆಯಬಾರದ ಒಂದು ಬಿರುಕನ್ನು ಅಲೆಕ್ಸ್ ತೆರೆದುಬಿಡುತ್ತಾಳೆ. ಅಲ್ಲಿಂದ ಗೆಳೆಯರು ದ್ವೀಪದ ಮೂಲೆ ಮೂಲೆಗೆ ಚದುರುತ್ತಾರೆ, ಕಾಲ ಹೊಲಿಗೆ ಬಿಟ್ಟ ಬಟ್ಟೆಯಂತಾಗುತ್ತದೆ.

ಕಾಲ ಸುತ್ತುವ ಆಟಗಳು ಬೇರೆಯೂ ಇವೆ. 2000ನೇ ಇಸವಿಯ ‘ಮಜೋರಾಸ್ ಮಾಸ್ಕ್’ನಲ್ಲಿ ಮೂರು ದಿನ ಮತ್ತೆ ಮತ್ತೆ ಬರುತ್ತವೆ. 2019ರ ‘ಔಟರ್ ವೈಲ್ಡ್ಸ್’ನಲ್ಲಿ ಇಪ್ಪತ್ತೆರಡು ನಿಮಿಷಕ್ಕೊಮ್ಮೆ ಸೂರ್ಯ ಸಿಡಿಯುತ್ತಾನೆ. ಅಲ್ಲೆಲ್ಲ ಸುತ್ತು ಆಟಗಾರನ ಕೈಯ ಆಯುಧ: ಕಳೆದ ಸುತ್ತಿನಲ್ಲಿ ಕಲಿತದ್ದನ್ನು ಈ ಸುತ್ತಿನಲ್ಲಿ ಬಳಸಬಹುದು. ‘ಆಕ್ಸನ್‌ಫ್ರೀ’ಯಲ್ಲಿ ಮೊದಮೊದಲು ಹಾಗಿಲ್ಲ. ಇಲ್ಲಿ ಸುತ್ತು ಕಾಯಿಲೆಯಂತೆ ಹೇಳದೆ ಕೇಳದೆ ಬರುತ್ತದೆ.

ಹುಲ್ಲಿನ ನಡುವಿನ ಕಾಲುದಾರಿ. ಜೋನಸ್ ಏನೋ ಹೇಳುತ್ತಾನೆ. ನೀವು ಉತ್ತರಿಸಿ ನಾಲ್ಕು ಹೆಜ್ಜೆ ಇಡುತ್ತೀರಿ. ಹಳೆಯ ವಿಡಿಯೊ ಕ್ಯಾಸೆಟ್ ಹರಿದಂತೆ ಚಿತ್ರ ಅಡ್ಡಡ್ಡ ಎಳೆಯುತ್ತದೆ. ಮತ್ತೆ ಅದೇ ಕಾಲುದಾರಿ, ಜೋನಸ್‌ನ ಬಾಯಲ್ಲಿ ಅದೇ ವಾಕ್ಯ, ಅದೇ ಉಸಿರಿನ ಏರಿಳಿತ. ಅವನಿಗೆ ಏನೂ ಗೊತ್ತಿಲ್ಲ. ಮೂರನೆಯ ಸಲ ಹಾಗಾದಾಗ ಅವನ ಮುಖ ನೋಡುವುದಕ್ಕೇ ಕಷ್ಟವಾಗುತ್ತದೆ.

ಹೊರಗೆ ಬರುವ ದಾರಿ ಇದು. ಸುಳಿಯೊಳಗೆ ಎಲ್ಲೋ ಒಂದು ಕಡೆ ದೊಡ್ಡ ಸುರುಳಿಗಳ ಟೇಪ್ ರೆಕಾರ್ಡರ್ ನಿಂತಿರುತ್ತದೆ, ಕಾಡಿನ ನಡುವೆಯೂ ಇರಬಹುದು. ಅದರ ಬಳಿ ಹೋಗಿ ಸುರುಳಿಯನ್ನು ಕೈಯಿಂದ ತಿರುಗಿಸಬೇಕು. ಕಂಟ್ರೋಲರಿನಲ್ಲಾದರೆ ಅದರ ಕಡ್ಡಿಯನ್ನು (ಸ್ಟಿಕ್) ವೃತ್ತಾಕಾರವಾಗಿ, ಮೊಬೈಲಿನಲ್ಲಾದರೆ ಬೆರಳಿನಿಂದ. ಜೋರಾಗಿ ತಿರುಗಿಸಿದರೆ ಬೇಗ ಮುಗಿಯುತ್ತದೆ ಎಂದುಕೊಂಡು ನಾನು ಬಹಳ ಹೊತ್ತು ಕಳೆದೆ. ವೇಗ ಮುಖ್ಯವಲ್ಲ. ಸುರುಳಿಯಿಂದ ಬರುವ ಸದ್ದು ಹಿಂದಿನ ಸಂಗೀತದ ಲಯಕ್ಕೆ ಕೂಡಬೇಕು. ಬೀಸುಕಲ್ಲಿನಲ್ಲಿ ಅಕ್ಕಿಹಿಟ್ಟು ಬೀಸುವಂತೆ ಒಂದೇ ಹದದಲ್ಲಿ ಸುತ್ತುತ್ತಾ, ಸದ್ದು ಕೂಡಿಕೊಂಡಿತು ಎನ್ನಿಸಿದ ಹದವನ್ನು ಬಿಡದೆ ಹಿಡಿಯಿರಿ.

ಟೇಪ್ ಕಂಡ ತಕ್ಷಣ ಓಡಬೇಡಿ. ಒಂದು ಸುತ್ತಿಗೂ ಇನ್ನೊಂದಕ್ಕೂ ಸಣ್ಣ ಸಣ್ಣ ವ್ಯತ್ಯಾಸಗಳಿರುತ್ತವೆ. ಯಾರೋ ಇಲ್ಲದ ಜಾಗದಲ್ಲಿ ಯಾರೋ ನಿಂತಿರುತ್ತಾರೆ. ದೆವ್ವ ಮೆಟ್ಟಿಕೊಂಡವರ ಕಣ್ಣು ಕೆಂಪಗೆ ಹೊಳೆಯುತ್ತದೆ. ಅಲೆಕ್ಸ್‌ಳ ಪ್ರತಿಬಿಂಬ ಅವಳೊಂದಿಗೇ ಮಾತಾಡುತ್ತದೆ. ಆ ಪ್ರತಿಬಿಂಬ ಕೊಡುವ ಸಲಹೆಯನ್ನು ಮರೆಯಬೇಡಿ.

ಕೋಟೆಯ ಭಾಗದಲ್ಲಿ ದೆವ್ವಗಳು ನಿಮ್ಮನ್ನು ಮಕ್ಕಳ ಆಟಗಳಿಗೆ ಎಳೆಯುತ್ತವೆ, ಕರಿಹಲಗೆಯ ಮೇಲೆ ಪದ ಊಹಿಸುವಂಥವು. ತಪ್ಪಾದರೆ ಆಟ ಮುಗಿದುಹೋಗುವುದಿಲ್ಲ, ಧೈರ್ಯವಾಗಿ ಆಡಿ.

ಪತ್ರಗಳು, ಮತ್ತು ಒಂದು ಜಲಾಂತರ್ಗಾಮಿ

ದ್ವೀಪದಲ್ಲಿ ಉಳಿದಿದ್ದ ಕೊನೆಯ ನಿವಾಸಿ ಮ್ಯಾಗಿ ಆ್ಯಡ್ಲರ್ ಎಂಬ ವೃದ್ಧೆ, ಕಥೆ ಶುರುವಾಗುವ ಕೆಲವೇ ದಿನ ಮುಂಚೆ ತೀರಿಕೊಂಡಿರುತ್ತಾರೆ. ಅವರು ಬಿಟ್ಟುಹೋದ ಪತ್ರಗಳು ದ್ವೀಪದಲ್ಲಿ ಅಲ್ಲಲ್ಲಿ ಇವೆ. ಮುಖ್ಯ ಕಥೆಗೆ ಇವು ಕಡ್ಡಾಯವಲ್ಲ, ಎಷ್ಟೋ ಜನ ಬಿಟ್ಟುಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬಿಡಲೇಬಾರದು. ಕಥೆಯ ಕೊನೆಗೆ ನೆಲದಡಿಗೆ ಇಳಿಯುವ ಮುಂಚೆ, ಗೆಳೆಯರು ಅವಸರ ಮಾಡುತ್ತಿದ್ದರೂ, ನಕ್ಷೆ ತೆರೆದು ಒಂದು ಸುತ್ತು ಹೋಗಿ ಬನ್ನಿ. ಇಳಿದ ಮೇಲೆ ಆ ಅವಕಾಶವಿಲ್ಲ.

ಪತ್ರಗಳಿಂದ ತಿಳಿಯುವುದು ಯುದ್ಧಕಾಲದ ಕಥೆ. 1943ರಲ್ಲಿ ಕನಲೋವಾ ಎಂಬ ಅಮೆರಿಕದ ಜಲಾಂತರ್ಗಾಮಿ ಈ ದ್ವೀಪದ ಬಳಿ ಮುಳುಗಿತು ಎಂಬುದು ಆಟದ ಕಲ್ಪನೆ. ಹವಾಯಿ ಜನರ ಸಮುದ್ರದೇವತೆಯ ಹೆಸರು ಅದಕ್ಕೆ. ಅದನ್ನು ಮುಳುಗಿಸಿದ್ದು ಶತ್ರುವಲ್ಲ, ತಮ್ಮದೇ ಹಡಗು. ಒಂದು ಸಂದೇಶವನ್ನು ತಪ್ಪಾಗಿ ಬಿಡಿಸಿದ್ದು ಆಗ ರೇಡಿಯೊ ಕೆಲಸ ಕಲಿಯುತ್ತಿದ್ದ ಮ್ಯಾಗಿ. ಅವರ ಗೆಳತಿ ಆ್ಯನಾಳಿಗೆ ಆಮೇಲೆ ಏನಾಯಿತು ಎಂಬುದನ್ನು ನೀವೇ ಓದಬೇಕು. ಓದಿದ ಮೇಲೆ ಅಲೆಕ್ಸ್ ಮತ್ತು ಕ್ಲಾರಿಸಾ ಒಂಟಿಯಲ್ಲ ಎಂದು ತಿಳಿಯುತ್ತದೆ. ತಪ್ಪೊಂದು ಇಬ್ಬರು ಗೆಳತಿಯರ ನಡುವೆ ಬಂದು ಜೀವಮಾನವಿಡೀ ಕೂರುವುದು ಈ ದ್ವೀಪಕ್ಕೆ ಹಳೆಯದು.

ಇಲ್ಲಿಂದ ಮುಂದೆ ಗುಟ್ಟುಗಳಿವೆ

ಒಮ್ಮೆಯೂ ಮುಗಿಸದವರು ಇಲ್ಲಿ ನಿಲ್ಲಿ. ಮುಗಿಸಿದ ಮೇಲೆ ಬನ್ನಿ.

ಕೊನೆಯಲ್ಲಿ ದೆವ್ವಗಳು, ಅಂದರೆ ಆ ಜಲಾಂತರ್ಗಾಮಿಯಲ್ಲಿದ್ದವರು, ಒಂದು ವ್ಯಾಪಾರ ಮುಂದಿಡುತ್ತವೆ: ಕ್ಲಾರಿಸಾಳನ್ನು ಬಿಟ್ಟುಕೊಟ್ಟು ಉಳಿದವರು ಹೋಗಬಹುದು. ಬಿಟ್ಟುಕೊಟ್ಟರೆ ಅವಳು ಇದ್ದಳು ಎಂಬುದೇ ಜಗತ್ತಿನಿಂದ ಅಳಿಸಿಹೋಗುತ್ತದೆ. ಅಲೆಕ್ಸ್ ತನ್ನನ್ನೇ ಕೊಡಲೂಬಹುದು. ನೀವು ರಾತ್ರಿಯಿಡೀ ಆಡಿದ ಮಾತುಗಳ ಬೆಲೆ ಇಲ್ಲಿ ಗೊತ್ತಾಗುತ್ತದೆ. ಮೊದಲ ಸಲ ಆಡುವ ಎಷ್ಟೋ ಜನರಿಗೆ ಅವಳನ್ನು ಬಿಡುವುದು ಸುಲಭವೆನ್ನಿಸುವುದು, ಬೆಂಕಿಯ ಸುತ್ತ ಅವಳು ನಡೆದುಕೊಂಡ ರೀತಿಯಿಂದ. ಹಾಗೆ ಬಿಟ್ಟವರು ಮುಕ್ತಾಯದ ಗುಂಪುಚಿತ್ರದಲ್ಲಿ ಖಾಲಿ ಜಾಗವನ್ನು ನೋಡಿಕೊಳ್ಳಬೇಕು.

ನಡುನಡುವೆ ಕಾಲ ಹಿಂದೆ ಸರಿದು ಮೈಕೆಲ್ ಎದುರಾಗುವ ದೃಶ್ಯಗಳು ನಿಮಗೆ ನೆನಪಿರಬಹುದು. ಊರು ಬಿಟ್ಟು ಹೋಗಬೇಕೆಂದಿರುವ ಅವನು ತಂಗಿಯ ಅಭಿಪ್ರಾಯ ಕೇಳುತ್ತಾನೆ. ಹಳೆಯ ನೆನಪು ತಾನೇ, ಏನು ಹೇಳಿದರೇನು ಎಂದು ನಾನು ಮೊದಲ ಸಲ ಹಗುರವಾಗಿ ಉತ್ತರಿಸಿದ್ದೆ. ಹಾಗೆ ಮಾಡಬೇಡಿ. ಅಲ್ಲಿ ಆಡಿದ ಮಾತು ನಿಜವಾಗಿಯೂ ಅವನ ಕಿವಿಗೆ ಬೀಳುತ್ತದೆ.

ಎಲ್ಲ ಮುಗಿದು, ಬೆಳಗಾಗಿ, ದೋಣಿ ಊರಿನ ಕಡೆ ಹೊರಟಿರುತ್ತದೆ. ಯಾರು ಯಾರಿಗೆ ಮುಂದೆ ಏನಾಯಿತೆಂದು ಅಲೆಕ್ಸ್ ಹೇಳುತ್ತಿರುತ್ತಾಳೆ. ಆ ಹೇಳಿಕೆಯ ನಡುವೆಯೇ ಚಿತ್ರ ಹರಿಯುತ್ತದೆ. ಅವಳ ದನಿ ಒಂದು ಕ್ಷಣ ತಡೆದು, ಮತ್ತೆ ಹುರುಪಿನಿಂದ, ಎಡ್ವರ್ಡ್ಸ್ ದ್ವೀಪಕ್ಕೆ ಹೊರಟಿದ್ದೇವೆ ಎನ್ನುತ್ತದೆ. ಅವಳು ಹೊರಗೆ ಬಂದೇ ಇಲ್ಲ. ನೀವು ಆಡಿದ್ದು ಮೊದಲನೆಯ ಸುತ್ತೂ ಅಲ್ಲದಿರಬಹುದು.

ಬಹಳ ಜನ ಇಲ್ಲಿಗೆ ನಿಲ್ಲಿಸಿ ಸಾಮಾನು ಕಟ್ಟುತ್ತಾರೆ. ಎರಡನೆಯ ರಾತ್ರಿ ಆಡಿ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಆದರೆ ಹೊಸದಾಗಿ ಶುರು ಮಾಡಬೇಡಿ. ಮುಗಿಸಿದ ಆಟವ‌ನ್ನೇ ಮುಂದುವರಿಸುವ ಆಯ್ಕೆ ಮೆನುವಿನಲ್ಲಿ ಕಾಣಿಸುತ್ತದೆ, ಅದನ್ನು ಒತ್ತಿ. ಬಿಡುಗಡೆಯಾದ ಮೇಲೆ, 2016ರಲ್ಲೇ, ತಯಾರಕರು ಸೇರಿಸಿದ ಭಾಗ ಇದು. ಈ ಸಲ ಅಲೆಕ್ಸ್‌ಗೆ ಒಳಗೊಳಗೇ ಗುರುತು ಹತ್ತುತ್ತದೆ. ಹಿಂದೆ ಇಲ್ಲದ ಗುಳ್ಳೆಗಳು ಮೂಡುತ್ತವೆ, ಗೆಳೆಯರು ಹೇಳುವ ಮುಂಚೆಯೇ ಅವರ ಮಾತನ್ನು ಅವಳು ಹೇಳಿಬಿಡುತ್ತಾಳೆ. ಆ ಹೊಸ ಗುಳ್ಳೆಗಳು ಎಲ್ಲಿ ಕಂಡರೂ ಮೊದಲು ಅವನ್ನೇ ಆರಿಸಿ. ಮೊದಲ ರಾತ್ರಿ ಯಾರ ಜತೆ ಕಡಿಮೆ ನಡೆದಿರೋ ಅವರ ಜತೆ ಈ ಸಲ ಹೆಚ್ಚು ಹೊತ್ತು ನಡೆಯಿರಿ. ನಾನು ನೋನಾಳ ಜತೆ ನಡೆದೆ. ಅಷ್ಟು ಮಾತಾಡುವ ಹುಡುಗಿ ಅವಳು ಎಂದು ಮೊದಲ ರಾತ್ರಿ ನನಗೆ ಗೊತ್ತೇ ಆಗಿರಲಿಲ್ಲ.

ಪ್ರತಿಬಿಂಬದ ವಿಷಯವೂ ಈಗ ತಿಳಿಯುತ್ತದೆ. ಅಂದು ನಿಮಗೆ ಸಲಹೆ ಕೊಟ್ಟವಳು ಯಾರು, ಎಲ್ಲಿ ನಿಂತು ಮಾತಾಡುತ್ತಿದ್ದಳು ಎಂದು ನೀವೇ ಆ ಜಾಗದಲ್ಲಿ ನಿಂತಾಗ ಅರ್ಥವಾಗುತ್ತದೆ.

ಸುಳಿ ಮುರಿಯುವ ದಾರಿ ಆಟದ ತುದಿಯಲ್ಲಿದೆ. ಅಲ್ಲಿ ರೇಡಿಯೊ ಕೈಗೆ ತೆಗೆದುಕೊಂಡಾಗ ಇನ್ನೂ ದೋಣಿ ಹತ್ತದ, ಏನೂ ತಿಳಿಯದ ಹಳೆಯ ಅಲೆಕ್ಸ್‌ಳನ್ನು ತಲುಪಲು ಸಾಧ್ಯವಾಗುತ್ತದೆ. ಅಜ್ಜನ ರೇಡಿಯೊ ನೆನಪಿಸಿಕೊಂಡು ನಿಧಾನವಾಗಿ ತಿರುಗಿಸಿ, ದಾಟಿಸಿ, ಕೂದಲೆಳೆಯಷ್ಟು ಹಿಂದಕ್ಕೆ ತನ್ನಿ. ಆ ಕಡೆ ಒಂದು ಹುಡುಗಿಯ ಧ್ವನಿ ಬಂದಾಗ ಹೇಳಬೇಕಾದದ್ದನ್ನು ಮೊದಲೇ ನಿಶ್ಚಯಿಸಿಕೊಂಡಿರಿ, ಬೆರಳು ಗುಂಡಿಯ ಮೇಲಿರಲಿ. ಆ ಗುಳ್ಳೆಗಳೂ ಮಾಸುತ್ತವೆ.